ಮೊದಲು ಆಳ, ಕೊನೆಗೆ ಬಣ್ಣ: ಹೊಳೆಗೂ ಕಡಲಿಗೂ ಫ್ಲೈ ಆರಿಸುವ ಬಗೆ

ಫ್ಲೈ ಮೀನುಗಾರಿಕೆಗೆ ಹೊಸದಾಗಿ ಕಾಲಿಟ್ಟವರನ್ನು ಅಂಗಡಿಯಲ್ಲಿ ಮೊದಲು ಕಂಗೆಡಿಸುವುದು ಕೋಲೂ ಅಲ್ಲ, ರೀಲೂ ಅಲ್ಲ. ಗಾಜಿನ ಕೆಳಗೆ ಸಾಲುಸಾಲಾಗಿ ಜೋಡಿಸಿಟ್ಟ ನೂರಾರು ಫ್ಲೈಗಳು. ಗರಿ, ರೋಮ, ನೂಲು ಮತ್ತು ಲೋಹದ ತಂತಿಗಳನ್ನು ಕೊಕ್ಕೆಯ ಮೇಲೆ ಸುತ್ತಿ ಕಟ್ಟಿದ ಈ ಕೃತಕ ಆಹಾರಕ್ಕೆ ಸ್ವಂತ ತೂಕ ಇಲ್ಲವೆನ್ನುವಷ್ಟು ಕಡಿಮೆ. ಸಾಮಾನ್ಯ ಗಾಳದಲ್ಲಿ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋದರೆ, ಇಲ್ಲಿ ತೂಕವುಳ್ಳ ದಪ್ಪ ದಾರವೇ ಫ್ಲೈಯನ್ನು ಹೊತ್ತೊಯ್ಯುತ್ತದೆ. ಆದ್ದರಿಂದಲೇ ಸೊಳ್ಳೆಗಿಂತ ಚಿಕ್ಕದಾದ ಮಾದರಿಯಿಂದ ಹಿಡಿದು ಗೇಣುದ್ದದ ಮೀನಿನ ಮಾದರಿಯವರೆಗೆ ಏನನ್ನಾದರೂ ಎಸೆಯಬಹುದು, ಮತ್ತು ಆ ಕಾರಣಕ್ಕಾಗಿಯೇ ಆಯ್ಕೆಯ ತೊಡಕೂ ಹುಟ್ಟಿಕೊಳ್ಳುತ್ತದೆ.

ಆಯ್ಕೆಯ ಮೊದಲ ಪ್ರಶ್ನೆ, ಮೀನು ಈ ಹೊತ್ತಿನಲ್ಲಿ ಯಾವ ಆಳದಲ್ಲಿ ತಿನ್ನುತ್ತಿದೆ ಎಂಬುದು. ಗಾತ್ರದ ವಿಚಾರ ಅದರ ನಂತರದ್ದು. ಆಕಾರ ಮತ್ತು ಚಲನೆ ಅದಕ್ಕೂ ನಂತರ. ಬಣ್ಣದ ಸರದಿ ಕಟ್ಟಕಡೆಗೆ. ಅಂಗಡಿಯ ಗಾಜಿನ ಪೆಟ್ಟಿಗೆ ಈ ಕ್ರಮವನ್ನು ತಲೆಕೆಳಗು ಮಾಡುತ್ತದೆ, ಏಕೆಂದರೆ ಅಲ್ಲಿ ಕೊಳ್ಳುವವರ ಕಣ್ಣಿಗೆ ಮೊದಲು ಬೀಳುವುದು ಬಣ್ಣವೇ. ಹೊಳೆಯಲ್ಲಿ ಈ ಕ್ರಮ ಒಂದು ಬಗೆಯಾಗಿ ಕೆಲಸ ಮಾಡಿದರೆ ಕಡಲಿನಲ್ಲಿ ಇನ್ನೊಂದು ಬಗೆಯಾಗಿ ಕೆಲಸ ಮಾಡುತ್ತದೆ. ಹೊಳೆಯ ಟ್ರೌಟ್ ಮೀನಿಗೆ ನಾವು ತೋರಿಸುವುದು ಒಂದು ಕೀಟದ ಬದುಕಿನ ಒಂದು ಗಳಿಗೆಯನ್ನು; ಕಡಲ ಮೀನಿಗೆ ತೋರಿಸುವುದು ಜೀವ ಉಳಿಸಿಕೊಳ್ಳಲು ಓಡುತ್ತಿರುವ ಅಥವಾ ಅಡಗುತ್ತಿರುವ ಒಂದು ಪ್ರಾಣಿಯ ನಡೆಯನ್ನು.

ಮೊದಲು ಹೊಳೆಯ ವಿಚಾರ. ತಂಪಾದ, ಹರಿಯುವ ನೀರಿನ ಟ್ರೌಟ್‌ಗೆ ಮುಖ್ಯ ಆಹಾರ ಜಲಕೀಟಗಳು: ಮೇಫ್ಲೈ, ಕ್ಯಾಡಿಸ್, ಸ್ಟೋನ್‌ಫ್ಲೈ, ಮತ್ತು ನುಸಿಯಷ್ಟು ಸಣ್ಣ ಮಿಡ್ಜ್. ಇವುಗಳಲ್ಲಿ ಮೇಫ್ಲೈಯನ್ನು ಅರ್ಥ ಮಾಡಿಕೊಂಡರೆ ಉಳಿದವು ಸುಲಭವಾಗುತ್ತವೆ. ಅನೇಕ ಜಾತಿಯ ಮೇಫ್ಲೈಗಳು ಸುಮಾರು ಒಂದು ವರ್ಷವನ್ನು ನೀರಿನ ತಳದ ಕಲ್ಲುಗಳ ನಡುವೆ ಮರಿಯಾಗಿ, ಅಂದರೆ ನಿಂಫ್ ಆಗಿ, ಕಳೆಯುತ್ತವೆ. ಹೊತ್ತು ಬಂದಾಗ ನಿಂಫ್ ಮೇಲಕ್ಕೆ ಈಜಿ, ನೀರಿನ ಮೇಲ್ಪೊರೆಯಲ್ಲಿ ಚರ್ಮ ಬಿರಿದು, ಮಸುಕು ರೆಕ್ಕೆಯ ಕೀಟವಾಗಿ ಹೊರಬರುತ್ತದೆ. ರೆಕ್ಕೆ ಒಣಗುವ ತನಕ ನೀರಿನ ಮೇಲೆಯೇ ತೇಲುತ್ತ ಸಾಗುವ ಈ ಹಂತಕ್ಕೆ ಡನ್ ಎಂದು ಹೆಸರು. ದಡದ ಗಿಡಗಳಲ್ಲಿ ಕುಳಿತು ಅದು ಮತ್ತೊಮ್ಮೆ ಪೊರೆ ಕಳಚಿ, ಗಾಜಿನಂಥ ರೆಕ್ಕೆಯ ಸ್ಪಿನ್ನರ್ ಆಗುತ್ತದೆ. ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟ ಇಂದು ಇದೊಂದೇ. ಸ್ಪಿನ್ನರ್‌ಗೆ ತಿನ್ನಲು ಬಾಯಿಯ ಅಂಗಗಳಿಲ್ಲ. ಕೂಡಿ, ಮೊಟ್ಟೆಯಿಟ್ಟು, ರೆಕ್ಕೆಗಳನ್ನು ಎರಡೂ ಕಡೆಗೆ ಚಾಚಿ ನೀರಿನ ಮೇಲೆ ಬಿದ್ದು ಸಾಯುತ್ತದೆ.

ಹೀಗೆ ಒಂದೇ ಕೀಟ ನಾಲ್ಕು ಬಗೆಯ ಆಹಾರವಾಗುತ್ತದೆ, ಮತ್ತು ಟ್ರೌಟ್ ಒಂದು ಹೊತ್ತಿಗೆ ಸಾಮಾನ್ಯವಾಗಿ ಇವುಗಳಲ್ಲಿ ಒಂದನ್ನೇ ಹಿಡಿದು ತಿನ್ನುತ್ತದೆ. ನೀರಿನ ಮೇಲೆ ಡನ್‌ಗಳು ದಂಡಿಯಾಗಿ ತೇಲುತ್ತಿದ್ದರೂ ಮೀನುಗಳು ಅವನ್ನು ಬಿಟ್ಟು, ಮೇಲ್ಪೊರೆಯಲ್ಲಿ ಸಿಲುಕಿ ಒದ್ದಾಡುತ್ತಿರುವ ಅರೆಬಿರಿದ ನಿಂಫ್‌ಗಳನ್ನೇ ಆರಿಸಿ ತಿನ್ನುವುದು ಅಪರೂಪವಲ್ಲ; ಅವು ಹಾರಿಹೋಗಲಾರವು, ಆದ್ದರಿಂದ ಶ್ರಮ ಕಡಿಮೆ. ಮೀನು ಎದ್ದ ರೀತಿಯನ್ನು ಗಮನಿಸಿದರೆ ಇದು ತಿಳಿಯುತ್ತದೆ. ಮೂತಿ ಮೇಲೆ ಕಂಡು, ಎದ್ದ ಜಾಗದಲ್ಲಿ ಒಂದು ಗುಳ್ಳೆ ಉಳಿದರೆ ಮೀನು ಮೇಲಿನದನ್ನು ಗಾಳಿಯ ಸಮೇತ ನುಂಗಿದೆ ಎಂದು ತಿಳಿಯಬಹುದು. ಬೆನ್ನೂ ಬಾಲದ ತುದಿಯೂ ಮಾತ್ರ ಕಂಡು, ಗುಳ್ಳೆ ಏಳದಿದ್ದರೆ ಅದು ಪೊರೆಯ ಕೆಳಗೆ ತಿನ್ನುತ್ತಿದೆ. ಎರಡನೆಯದನ್ನು ಮೊದಲನೆಯದೆಂದು ತಿಳಿದು ತೇಲುವ ಫ್ಲೈಯನ್ನು ಗಂಟೆಗಟ್ಟಲೆ ಎಸೆಯುವವರನ್ನು ಯಾವ ಹೊಳೆಯ ದಡದಲ್ಲಾದರೂ ನೋಡಬಹುದು. ಅವರ ಫ್ಲೈಯ ಬಣ್ಣ ಸರಿಯಾಗಿಯೇ ಇರುತ್ತದೆ. ಅದು ಇರುವ ಜಾಗ ಮಾತ್ರ ಎರಡು ಬೆರಳಿನಷ್ಟು ಮೇಲಿರುತ್ತದೆ.

ಮೀನು ಏಳುತ್ತಲೇ ಇಲ್ಲವೆಂದರೆ ಅದು ತಿನ್ನುತ್ತಿಲ್ಲವೆಂದಲ್ಲ. ಟ್ರೌಟ್‌ನ ಊಟದ ಬಹುಪಾಲು ನೀರಿನ ಒಳಗೇ ನಡೆಯುತ್ತದೆ. ಆಗ ಮಾಡಬೇಕಾದ ಕೆಲಸ, ಮೊಣಕಾಲುದ್ದದ ನೀರಿನಲ್ಲಿ ನಿಂತು ಒಂದು ಕಲ್ಲನ್ನೆತ್ತಿ ಅದರ ಅಡಿಯನ್ನು ನೋಡುವುದು. ಹೊಟ್ಟೆಯ ಎರಡೂ ಬದಿಗೆ ಕಿವಿರುಗಳು ಆಡುತ್ತಿದ್ದು, ಹೆಚ್ಚಾಗಿ ಮೂರು ಬಾಲದೆಳೆಗಳಿದ್ದರೆ ಅದು ಮೇಫ್ಲೈಯ ನಿಂಫ್. ಎರಡೇ ಬಾಲ, ಗಟ್ಟಿ ಕಾಲು ಇದ್ದು ತೆವಳುತ್ತಿದ್ದರೆ ಸ್ಟೋನ್‌ಫ್ಲೈ ಇರಬಹುದು. ಅದು ಮೇಲಕ್ಕೆ ಈಜುವುದಿಲ್ಲ, ಕಲ್ಲು ಹತ್ತಿ ದಡಕ್ಕೆ ಬಂದು ರೆಕ್ಕೆ ಬಿಚ್ಚುತ್ತದೆ, ಹಾಗಾಗಿ ಅದರ ಮಾದರಿ ತಳದಲ್ಲೇ ಉರುಳುತ್ತ ಸಾಗಬೇಕು. ಮರಳಿನ ಕಣ, ಕಡ್ಡಿಚೂರುಗಳ ಪುಟ್ಟ ಕೊಳವೆಯೊಳಗೆ ಹುಳುವೊಂದು ಇದ್ದರೆ ಅದು ಕ್ಯಾಡಿಸ್. ಮೇಫ್ಲೈ ನಿಂಫ್‌ನ ಬೆನ್ನಿನ ಮೇಲಿನ ರೆಕ್ಕೆಯ ಚೀಲ ಕಪ್ಪಾಗಿ ಉಬ್ಬಿದ್ದರೆ ಅದು ಮೇಲೇಳುವ ಹೊತ್ತು ಹತ್ತಿರವಾಗಿದೆ ಎಂದರ್ಥ. ಅಂಗಡಿಯವರು ಹೇಳುವ ಯಾವ ಸಲಹೆಗಿಂತಲೂ ಈ ಕಲ್ಲಿನ ಅಡಿಭಾಗ ಹೆಚ್ಚು ನಂಬಿಕೆಗೆ ಯೋಗ್ಯ ಎಂದು ನಾನು ಭಾವಿಸುತ್ತೇನೆ.

ನಿಂಫ್ ಮಾದರಿಗಳಲ್ಲಿ ಒಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ಕಟ್ಟಿದ ಫೆಸೆಂಟ್ ಟೇಲ್ ನಿಂಫ್‌ಗೆ ಬೇಕಾಗಿದ್ದುದು ಎರಡೇ ಸಾಮಗ್ರಿ: ಫೆಸೆಂಟ್ ಹಕ್ಕಿಯ ಬಾಲದ ಗರಿಯಿಂದ ತೆಗೆದ ಕೆಲವು ಕಂದು ಎಳೆಗಳು ಮತ್ತು ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿ. ಕಟ್ಟುವುದಕ್ಕೆ ನೂಲನ್ನು ಆತ ಬಳಸಲೇ ಇಲ್ಲ. ತಂತಿಯನ್ನು ಕೊಕ್ಕೆಯ ದಂಡದ ಮೇಲೆ ಸುತ್ತಿ, ಎದೆಯ ಭಾಗದಲ್ಲಿ ಉಬ್ಬು ಮಾಡಿ, ಗರಿಯೆಳೆಗಳ ತುದಿಯನ್ನು ಬಾಲವಾಗಿ ಹಿಂದೆ ಬಿಟ್ಟು, ಉಳಿದುದನ್ನು ತಂತಿಯ ಜೊತೆಗೇ ಸುತ್ತುತ್ತ ಮುಂದೆ ತಂದು, ಎದೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಮಡಚಿ ರೆಕ್ಕೆಚೀಲವನ್ನು ಮಾಡಿದ. ಕಟ್ಟುವ ತಂತಿಯೇ ತೂಕವೂ ಆಯಿತು, ಎಳೆಗಳ ಸಂದಿನಿಂದ ಇಣುಕುವ ಮಿನುಗೂ ಆಯಿತು. ಈ ಮಾದರಿಗೆ ಕಾಲುಗಳೇ ಇಲ್ಲ. ಈಜುವ ನಿಂಫ್ ಕಾಲುಗಳನ್ನು ಮೈಗೆ ಅಂಟಿಸಿಕೊಂಡಿರುತ್ತದೆ ಎಂಬುದನ್ನು ಸಾಯರ್ ನದಿಯಲ್ಲಿ ನೋಡಿ ತಿಳಿದಿದ್ದ. ಕಾಲು ಕಟ್ಟಿದರೆ ನೋಡುವವರಿಗೆ ಸೊಗಸು, ಆದರೆ ಮುಳುಗುವ ವೇಗ ಕಡಿಮೆಯಾಗುತ್ತದೆ. ಮೀನಿನ ಮುಂದೆ ಬಂದಾಗ ಕೋಲಿನ ತುದಿಯನ್ನು ತುಸುವೇ ಎತ್ತಿದರೆ ನಿಂಫ್ ಮೇಲೇಳುತ್ತದೆ, ಮೀನು ಅದನ್ನು ತಪ್ಪಿಸಿಕೊಳ್ಳುತ್ತಿರುವ ಜೀವವೆಂದು ಹಿಡಿಯುತ್ತದೆ. ಇಂದಿನ ನಿಂಫ್‌ಗಳಲ್ಲಿ ತಲೆಯ ಬಳಿ ಲೋಹದ ಮಣಿ ಇರುತ್ತದೆ. ಅದರಲ್ಲೂ ಆಯ್ಕೆಯಿದೆ: ಹಿತ್ತಾಳೆಯ ಸಾಂದ್ರತೆ ನೀರಿನ ಸುಮಾರು ಎಂಟೂವರೆ ಪಟ್ಟು, ಟಂಗ್‌ಸ್ಟನ್‌ನದು ಸುಮಾರು 19 ಪಟ್ಟು. ಹೊರಗೆ ಒಂದೇ ಬಗೆಯಾಗಿ ಕಾಣುವ ಎರಡು ಫ್ಲೈಗಳು ಒಂದೇ ಹರಿವಿನಲ್ಲಿ ಬೇರೆಬೇರೆ ಆಳಕ್ಕೆ ಇಳಿಯುವುದು ಇದರಿಂದ.

ತೇಲುವ ಡ್ರೈ ಫ್ಲೈಗಳಲ್ಲಿ ಹೆಚ್ಚು ಪ್ರಸಿದ್ಧವಾದ ಆಡಮ್ಸ್ 1922ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಲೆನ್ ಹ್ಯಾಲಡೇ ಎಂಬಾತ ಕಟ್ಟಿದ್ದು. ಬೂದು ಬಣ್ಣದ ಮೈ, ಕಂದು ಮತ್ತು ಕಪ್ಪುಬಿಳುಪು ಪಟ್ಟೆಯ ಎರಡು ಹುಂಜದ ಕೊರಳ ಗರಿಗಳನ್ನು ಸೇರಿಸಿ ಸುತ್ತಿದ ಕುಚ್ಚು. ಇದು ಯಾವ ಒಂದು ಕೀಟವನ್ನೂ ಪೂರ್ತಿಯಾಗಿ ಹೋಲುವುದಿಲ್ಲ, ಹಲವನ್ನು ಅರ್ಧರ್ಧ ಹೋಲುತ್ತದೆ. ಅದೇ ಅದರ ಬಲ. ಕುಚ್ಚಿನ ಗಡುಸು ಎಳೆಗಳು ನೀರಿನ ಪೊರೆಯನ್ನು ಚುಚ್ಚದೆ ತಗ್ಗಿಸಿ ನಿಲ್ಲುತ್ತವೆ, ಮತ್ತು ಕೆಳಗಿನಿಂದ ನೋಡುವ ಮೀನಿಗೆ ಮೊದಲು ಕಾಣುವುದು ಆ ತಗ್ಗುಗಳ ಬೆಳಕಿನ ಚುಕ್ಕೆಗಳೇ. ಎಲ್ಕ್ ಜಿಂಕೆಯ ರೋಮವನ್ನು ಡೇರೆಯ ಹಾಗೆ ಇಳಿಬಿಟ್ಟು ಅಲ್ ಟ್ರೋತ್ ಕಟ್ಟಿದ ಎಲ್ಕ್ ಹೇರ್ ಕ್ಯಾಡಿಸ್ ಒರಟು ಹರಿವಿನಲ್ಲೂ ತೇಲುತ್ತದೆ. ಅರೆಬಿರಿದ ಹಂತಕ್ಕೆ ಮೈ ನೀರೊಳಗೆ ಜೋತುಬಿದ್ದು ಕುಚ್ಚು ಮಾತ್ರ ಮೇಲಿರುವ ಮಾದರಿಗಳು ಬೇಕು. ಬೇಸಿಗೆ ಬಲಿತ ಮೇಲೆ ದಡದ ಹುಲ್ಲಿನಿಂದ ಬೀಳುವ ಮಿಡತೆ, ಇರುವೆ, ಜೀರುಂಡೆಗಳ ಮಾದರಿಗಳಿಗೂ ಪೆಟ್ಟಿಗೆಯಲ್ಲಿ ಜಾಗವಿರಬೇಕು.

ಗಾತ್ರದ ಸಂಖ್ಯೆ ಹೊಸಬರಿಗೆ ತಿರುವುಮುರುವಾಗಿ ಕಾಣುತ್ತದೆ. ಕೊಕ್ಕೆಯ ಸಂಖ್ಯೆ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು: 20 ಎಂದರೆ ನುಸಿಯ ಗಾತ್ರ, 14 ಅಥವಾ 16 ಸಾಧಾರಣ ಮೇಫ್ಲೈ, 6 ಅಥವಾ 4 ದೊಡ್ಡ ಸ್ಟೋನ್‌ಫ್ಲೈ. ಸಂಖ್ಯೆ 1ಕ್ಕೆ ಇಳಿದ ಮೇಲೆ ಎಣಿಕೆ ಹೊರಳಿ 1/0, 2/0, 3/0 ಎಂದು ದೊಡ್ಡದಾಗುತ್ತ ಹೋಗುತ್ತದೆ. ಕಡಲ ದೊಡ್ಡ ಫ್ಲೈಗಳು ಈ ಕಡೆಯವು. ಟ್ರೌಟ್ ವಿಷಯದಲ್ಲಿ ಕೊಕ್ಕೆಯ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ತುದಿಯ ತೆಳುದಾರದ ಎಕ್ಸ್ ಸಂಖ್ಯೆ (ಇದು ಹೆಚ್ಚಾದಷ್ಟೂ ದಾರ ತೆಳು) ಸುಮಾರಾಗಿ ಸಿಗುತ್ತದೆ. 16ನೆಯ ಗಾತ್ರಕ್ಕೆ 5ಎಕ್ಸ್ ದಾರ ಹೊಂದುತ್ತದೆ. ದಾರ ದಪ್ಪವಾದರೆ ಚಿಕ್ಕ ಫ್ಲೈ ಹರಿವಿನ ಜೊತೆ ಸಹಜವಾಗಿ ತೇಲದೆ ದಾರದ ಬಿಗಿಗೆ ಸಿಕ್ಕಿ ಎಳೆದಾಡುತ್ತದೆ, ಆಗ ಎಂಥ ಒಳ್ಳೆಯ ಮಾದರಿಯೂ ವ್ಯರ್ಥ. ಮೀನು ಹತ್ತಿರ ಬಂದು ನೋಡಿ ತಿರುಗಿಹೋದರೆ, ಬೇರೆ ಬಣ್ಣದ ಫ್ಲೈ ಹುಡುಕುವ ಮೊದಲು ಅದೇ ಮಾದರಿಯ ಒಂದು ಗಾತ್ರ ಚಿಕ್ಕದನ್ನು ಕಟ್ಟಿ ನೋಡಬೇಕು.

ದೊಡ್ಡ ಟ್ರೌಟ್, ಬಾಸ್ ಮುಂತಾದವು ಕೀಟಕ್ಕೆ ತೃಪ್ತಿಪಡದೆ ಸಣ್ಣ ಮೀನುಗಳನ್ನೂ ಬೇಟೆಯಾಡುತ್ತವೆ. ಅವುಗಳಿಗೆ ಎಳೆದು ಆಡಿಸುವ ಸ್ಟ್ರೀಮರ್ ಮಾದರಿಗಳು ಬೇಕು. ಅವುಗಳಲ್ಲಿ ಒಂದು ಹೊಳೆಯಿಂದ ಕಡಲಿಗೆ ದಾರಿ ಮಾಡಿಕೊಟ್ಟಿತು. ಪೆನ್ಸಿಲ್ವೇನಿಯಾದ ಸಸ್ಕ್ವಿಹಾನಾ ನದಿಯ ಸ್ಮಾಲ್‌ಮೌತ್ ಬಾಸ್‌ಗಾಗಿ ಬಾಬ್ ಕ್ಲೌಸರ್ 1980ರ ದಶಕದಲ್ಲಿ ರೂಪಿಸಿದ ಕ್ಲೌಸರ್ ಮಿನೋದಲ್ಲಿ, ಡಂಬೆಲ್ ಆಕಾರದ ಲೋಹದ ಕಣ್ಣುಗಳನ್ನು ಕೊಕ್ಕೆಯ ದಂಡದ ಮೇಲ್ಭಾಗಕ್ಕೆ ಬಿಗಿಯಲಾಗುತ್ತದೆ. ಭಾರ ಮೇಲಿರುವುದರಿಂದ ನೀರಿನಲ್ಲಿ ಫ್ಲೈ ಮಗುಚಿ, ಕೊಕ್ಕೆಯ ಮೊನೆ ಮೇಲ್ಮುಖವಾಗುತ್ತದೆ, ಕಲ್ಲು ಪಾಚಿಗಳಿಗೆ ಸಿಕ್ಕುವುದು ಕಡಿಮೆಯಾಗುತ್ತದೆ. ದಾರವನ್ನು ಎಳೆದಾಗ ಮುಂದಕ್ಕೆ ಚಿಮ್ಮುತ್ತದೆ, ಬಿಟ್ಟಾಗ ಮೂಗು ಕೆಳಗೆ ಮಾಡಿ ಮುಳುಗುತ್ತದೆ, ನಿಲ್ಲುವುದೆಂಬುದೇ ಇಲ್ಲ. ಜಿಂಕೆಯ ಬಾಲದ ರೋಮವನ್ನು ಇದಕ್ಕೆ ತೀರ ವಿರಳವಾಗಿ ಕಟ್ಟಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಲೌಸರ್‌ಗಳು ಪೊರಕೆಯಂತೆ ದಟ್ಟವಾಗಿರುತ್ತವೆ. ಅವು ಮುಳುಗುವುದು ನಿಧಾನ, ಸಣ್ಣ ಮೀನಿನ ಅರೆಪಾರದರ್ಶಕ ಮೈಯನ್ನು ಹೋಲುವುದೂ ಇಲ್ಲ.

ಕಡಲಿನಲ್ಲಿ ಕೀಟಗಳ ಲೆಕ್ಕ ಮುಗಿದು ಸೀಗಡಿ, ಏಡಿ, ಸಣ್ಣ ಮೀನುಗಳ ಲೆಕ್ಕ ಶುರುವಾಗುತ್ತದೆ. ಇಲ್ಲಿ ನನಗೆ ಹೆಚ್ಚು ಉಪಯುಕ್ತವೆಂದು ತೋರುವ ಸುಳಿವು ಮೀನಿನ ಬಾಯಿಯೇ. ಬಹಾಮಾಸ್ ಮತ್ತು ಫ್ಲಾರಿಡಾ ಕೀಸ್‌ನ ಆಳವಿಲ್ಲದ ಮರಳುಬಯಲುಗಳಲ್ಲಿ ಉಬ್ಬರದ ಜೊತೆಗೆ ಮೇಯಲು ಬರುವ ಬೋನ್‌ಫಿಶ್‌ಗೆ ಬಾಯಿ ಮೂತಿಯ ಕೆಳಭಾಗದಲ್ಲಿದೆ. ಅದು ತಲೆ ತಗ್ಗಿಸಿ ತಳವನ್ನು ಕೆದಕುತ್ತದೆ. ಅದೇ ನೀರಿನ ಟಾರ್ಪನ್‌ಗೆ ಕೆಳದವಡೆ ಮುಂಚಾಚಿ ಬಾಯಿ ಮೇಲ್ಮುಖವಾಗಿದೆ. ಅದು ತನ್ನ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲಿರುವುದನ್ನು ಹಿಡಿಯುತ್ತದೆ. ಬೋನ್‌ಫಿಶ್‌ಗೆ ತಳ ಮುಟ್ಟದ ಫ್ಲೈ ಕಾಣದು, ಟಾರ್ಪನ್‌ಗೆ ತನ್ನ ಕೆಳಗೆ ಮುಳುಗಿಹೋದ ಫ್ಲೈ ಇದ್ದೂ ಇಲ್ಲದಂತೆ. ಆದ್ದರಿಂದ ಒಂದಕ್ಕೆ ಭಾರದ ಕಣ್ಣು, ಇನ್ನೊಂದಕ್ಕೆ ಭಾರವೇ ಇಲ್ಲದ, ನೀರಿನ ನಡುವೆ ತೂಗಿ ನಿಲ್ಲುವ ಕಟ್ಟು.

ಬೋನ್‌ಫಿಶ್ ಪೆಟ್ಟಿಗೆಯಲ್ಲಿ ಒಂದೇ ಮಾದರಿಯನ್ನು ಮೂರು ತೂಕಗಳಲ್ಲಿ ಇಟ್ಟುಕೊಳ್ಳುವುದು ಹತ್ತು ಮಾದರಿಗಳನ್ನು ಒಂದೇ ತೂಕದಲ್ಲಿ ಇಟ್ಟುಕೊಳ್ಳುವುದಕ್ಕಿಂತ ಜಾಣತನ. ಕಣಕಾಲು ಮುಳುಗುವ ನೀರಿನಲ್ಲಿ ಕಣ್ಣಿಲ್ಲದ ಫ್ಲೈ ಸದ್ದಿಲ್ಲದೆ ಬೀಳುತ್ತದೆ. ಮೊಣಕಾಲು ಮಟ್ಟಕ್ಕೆ ಮಣಿಸರಪಳಿಯಿಂದ ಕತ್ತರಿಸಿದ ಹಗುರ ಕಣ್ಣು ಸಾಕು. ತೊಡೆಯ ಮಟ್ಟದ ನೀರಿಗೆ, ಅದರಲ್ಲೂ ಸೆಳೆತವಿದ್ದರೆ, ಡಂಬೆಲ್ ಕಣ್ಣು ಬೇಕು. ತೆಳುನೀರಿನಲ್ಲಿ ಡಂಬೆಲ್ ಬಿದ್ದ ಸದ್ದಿಗೆ ಇಡೀ ಹಿಂಡು ಚದುರಿಹೋಗುತ್ತದೆ. 1970ರ ದಶಕದಲ್ಲಿ ಬಹಾಮಾಸ್‌ನ ಆಂಡ್ರೋಸ್ ದ್ವೀಪದಲ್ಲಿ ಚಾರ್ಲಿ ಸ್ಮಿತ್ ಎಂಬ ಗೈಡ್ ಜೊತೆ ಮೀನು ಹಿಡಿಯುತ್ತಿದ್ದ ಬಾಬ್ ನಾಹೈಮ್ ಕಟ್ಟಿದ, ಇಂದು ಕ್ರೇಜಿ ಚಾರ್ಲಿ ಎಂದು ಹೆಸರಾಗಿರುವ ಮಾದರಿ ಈ ಮಣಿಕಣ್ಣಿನ ಜಾತಿಯದು. ಬಣ್ಣವನ್ನು ತಳ ನೋಡಿ ಆರಿಸಬೇಕು: ಬಿಳಿ ಮರಳಿಗೆ ತಿಳಿ ಕಂದು ಅಥವಾ ನಸುಗುಲಾಬಿ, ಕಡಲಹುಲ್ಲಿಗೆ ಪಾಚಿಯ ಹಸಿರು. ಸೀಗಡಿಗಳೂ ಏಡಿಗಳೂ ತಾವಿರುವ ನೆಲದ ಬಣ್ಣವನ್ನು ತಳೆದಿರುವುದರಿಂದ ತಳಕ್ಕೆ ಎದ್ದು ಕಾಣುವ ಫ್ಲೈ ಮೀನಿಗೆ ಅನುಮಾನ ತರುತ್ತದೆ. ಹುಲ್ಲಿನ ನಡುವೆ ಎಳೆಯುವುದಾದರೆ ಮೊನೆಗೆ ಅಡ್ಡಲಾಗಿ ನೈಲಾನ್ ಎಳೆಯ ಕಾವಲು ಇರಲಿ.

ಅದೇ ಬಯಲಿಗೆ ಬರುವ ಪರ್ಮಿಟ್ ಎಂಬ ಮೀನಿನ ಮುಖ್ಯ ಆಹಾರ ಏಡಿ. ಹಿಡಿಯುವುದು ಬಹಳ ಕಷ್ಟವೆಂದು ಹೆಸರಾದ ಮೀನು ಅದು. ಡೆಲ್ ಬ್ರೌನ್ ರೂಪಿಸಿದ ಮರ್ಕಿನ್ ಏಡಿಯಲ್ಲಿ ಕಂಬಳಿ ನೇಯುವ ದಪ್ಪ ನೂಲಿನ ತುಂಡುಗಳನ್ನು ದಂಡಕ್ಕೆ ಅಡ್ಡಡ್ಡವಾಗಿ ಕಟ್ಟಿ, ಚಪ್ಪಟೆಯಾಗಿ ಕತ್ತರಿಸಿ, ರಬ್ಬರಿನ ಕಾಲು, ಭಾರದ ಕಣ್ಣು ಸೇರಿಸಲಾಗುತ್ತದೆ. ಬೆದರಿದ ಏಡಿ ದೂರ ಓಡದೆ ಓರೆಯಾಗಿ ತಳಕ್ಕೆ ಧುಮುಕಿ ಮರಳಿನಲ್ಲಿ ಹುದುಗುತ್ತದೆ. ಹಾಗಾಗಿ ಈ ಫ್ಲೈಯನ್ನು ಎಳೆಯಬಾರದು, ಬೀಳಲು ಬಿಡಬೇಕು. ಸೀಗಡಿಯ ಹಾಗೆ ಏಡಿಯನ್ನು ಪುಟಪುಟನೆ ಎಳೆದರೆ ಮಾದರಿ ಎಷ್ಟು ನೈಜವಾಗಿದ್ದರೂ ನಡೆ ಸುಳ್ಳಾಗುತ್ತದೆ, ಪರ್ಮಿಟ್ ಅದನ್ನು ಕೂಡಲೇ ಗುರುತಿಸುತ್ತದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ: ಫ್ಲೈ ಮೀನಿನ ಕಡೆಗೇ ಸಾಗಿಬರುವಂತೆ ಎಸೆಯುವುದು. ತನ್ನನ್ನು ತಿನ್ನುವ ಪ್ರಾಣಿಯ ಮೇಲೆ ಯಾವ ಸೀಗಡಿಯೂ ಏರಿಹೋಗುವುದಿಲ್ಲ. ಹಾಗೆ ಬಂದ ಫ್ಲೈಯನ್ನು ಕಂಡು ಮೀನೇ ಹೆದರಿ ಓಡುತ್ತದೆ.

ಸಣ್ಣ ಮೀನುಗಳ ಹಿಂಡನ್ನು ಅಟ್ಟಿಸಿಕೊಂಡು ಬರುವ ಸ್ಟ್ರೈಪ್ಡ್ ಬಾಸ್, ಟ್ರೆವಲಿ, ಬ್ಯಾರಕೂಡಾಗಳ ಮುಂದೆ ಉದ್ದವೂ ಅಗಲದ ನೆರಳೂ ಮುಖ್ಯ. 1950ರ ದಶಕದ ಕೊನೆಯಲ್ಲಿ ಲೆಫ್ಟಿ ಕ್ರೆ ಚೆಸಪೀಕ್ ಕೊಲ್ಲಿಯ ಸ್ಟ್ರೈಪ್ಡ್ ಬಾಸ್‌ಗಾಗಿ ಕಟ್ಟಿದ ಡಿಸೀವರ್‌ನಲ್ಲಿ ಉದ್ದ ಗರಿಗಳನ್ನು ಕೊಕ್ಕೆಯ ಹಿಂಭಾಗದಲ್ಲಿ ಕಟ್ಟಿರುವುದರಿಂದ ಎಸೆಯುವಾಗ ಅವು ಬಾಗಿಗೆ ಸುತ್ತಿಕೊಳ್ಳುವುದಿಲ್ಲ, ಮತ್ತು ನೀರಿನಿಂದ ಎತ್ತಿದೊಡನೆ ಅಂಟಿಕೊಂಡು ತೆಳುವಾಗಿ ಗಾಳಿಯನ್ನು ಸೀಳುತ್ತವೆ. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಹೊರತಂದ ಐದು ಫ್ಲೈಗಳ ಅಂಚೆಚೀಟಿಗಳಲ್ಲಿ ಇದೂ ಒಂದು. ಬೂತಾಯಿ, ಬಂಗುಡೆಗಳ ಗಾತ್ರಕ್ಕೆ ತಕ್ಕಂತೆ ಇದನ್ನು ಉದ್ದವಾಗಿಯೋ ಗಿಡ್ಡವಾಗಿಯೋ ಕಟ್ಟಬಹುದಾದ್ದರಿಂದ ನಮ್ಮ ಅರಬ್ಬೀ ಕಡಲಿಗೂ ಇದು ಸಲ್ಲುತ್ತದೆ. ಹಲ್ಲುಳ್ಳ ಮೀನುಗಳಾದರೆ ಫ್ಲೈಗೂ ದಾರಕ್ಕೂ ನಡುವೆ ಗೇಣಿನಷ್ಟು ತಂತಿ ಬೇಕು.

ಬಣ್ಣದ ಮಾತು ಕೊನೆಗೆಂದು ಹೇಳಿದೆನಾದರೂ ಅದು ಲೆಕ್ಕಕ್ಕಿಲ್ಲವೆಂದಲ್ಲ. ನೀರು ಕೆಂಪು ಬೆಳಕನ್ನು ಮೊದಲು ಹೀರಿಕೊಳ್ಳುವುದರಿಂದ ಆಳದಲ್ಲಿ ಕೆಂಪು ಫ್ಲೈ ಬೂದಾಗಿ, ಕಪ್ಪಾಗಿ ಕಾಣುತ್ತದೆ. ರಾಡಿ ನೀರಿನಲ್ಲೂ ಮುಂಜಾನೆ ಮುಸ್ಸಂಜೆಯ ಮಬ್ಬಿನಲ್ಲೂ ಕಪ್ಪು ಅಥವಾ ಕಡುನೇರಳೆ ಮಾದರಿಗಳು ಬೆಳಕಿನ ಎದುರಿಗೆ ಗಟ್ಟಿ ಅಂಚಿನ ನೆರಳಾಗಿ ಮೂಡುತ್ತವೆ. ತಿಳಿನೀರಿನಲ್ಲಿ ತಿಳಿಬಣ್ಣ, ವಿರಳ ಕಟ್ಟು ಸಾಕು.

ಇಷ್ಟೆಲ್ಲವೂ ಕೈಯಲ್ಲಿರುವ ಕೋಲಿನ ಮಿತಿಯೊಳಗೇ ನಡೆಯಬೇಕು. ಫ್ಲೈ ದಾರದ ತೂಕವನ್ನು ಅದರ ಮುಂಭಾಗದ 30 ಅಡಿಯಿಂದ ಅಳೆಯುತ್ತಾರೆ: 5ನೆಯ ದರ್ಜೆಯದು 140 ಗ್ರೇನ್, ಅಂದರೆ ಸುಮಾರು 9 ಗ್ರಾಂ, 8ನೆಯದು 210 ಗ್ರೇನ್, 12ನೆಯದು 380 ಗ್ರೇನ್. ಟ್ರೌಟ್‌ಗೆ ಕೊಂಡ, 5ನೆಯ ದರ್ಜೆಯ ದಾರಕ್ಕೆ ಹೊಂದುವ ಕೋಲಿನಲ್ಲಿ 2/0 ಗಾತ್ರದ ಡಿಸೀವರ್ ಎಸೆಯಲು ಹೊರಟರೆ ಕಡಲ ಗಾಳಿಗೆ ಫ್ಲೈ ಮುಂದೆ ಹೋಗುವ ಬದಲು ಎಸೆದವರ ಬೆನ್ನಿಗೋ ಕಿವಿಗೋ ನೆಡುತ್ತದೆ. ಕೊಕ್ಕೆಯ ಲೋಹವೂ ಬೇರೆಯಾಗಬೇಕು. ಹೊಳೆಯ ಕೊಕ್ಕೆ ಒಮ್ಮೆ ಉಪ್ಪುನೀರು ಕಂಡರೆ ಬೇಗನೆ ತುಕ್ಕು ಹಿಡಿಯುತ್ತದೆ, ಮತ್ತು ಅದನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟರೆ ಪಕ್ಕದ ಒಳ್ಳೆಯ ಫ್ಲೈಗಳಿಗೂ ತುಕ್ಕು ಹಬ್ಬುತ್ತದೆ. ತುಕ್ಕು ನಿರೋಧಕ ಉಕ್ಕಿನ ಅಥವಾ ತವರದ ಲೇಪನವಿರುವ ಕೊಕ್ಕೆಯ ಮೇಲೆ ಕಟ್ಟಿದ್ದನ್ನೇ ಕೊಂಡು, ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ ಇಡಬೇಕು.

ಭಾರತದಲ್ಲಿ ಈ ತಿಳಿವಳಿಕೆಯನ್ನು ಬಳಸುವ ಅವಕಾಶ ಹೆಚ್ಚಾಗಿ ಹಿಮಾಲಯದ ಹೊಳೆಗಳಲ್ಲಿದೆ. ಬ್ರಿಟಿಷರ ಕಾಲದಲ್ಲಿ ತಂದು ಬಿಟ್ಟ ಟ್ರೌಟ್ ಹಿಮಾಚಲ ಪ್ರದೇಶದ ತೀರ್ಥನ್‌ನಂಥ ಹೊಳೆಗಳಲ್ಲಿ ನೆಲೆಗೊಂಡಿದೆ. ಅಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು, ಮತ್ತು ನವೆಂಬರ್‌ನಿಂದ ಫೆಬ್ರವರಿಯ ಕೊನೆಯವರೆಗೆ ಮೊಟ್ಟೆಯಿಡುವ ಕಾಲವಾದ್ದರಿಂದ ನಿಷೇಧವಿರುತ್ತದೆ. ವಸಂತದ ತಿಳಿನೀರಿಗೆ 14 ಅಥವಾ 16ರ ಭಾರದ ನಿಂಫ್ ಸಾಕಾದರೆ, ಹಿಮ ಕರಗಿ ಹೊಳೆ ಕಲಕಿದಾಗ ಕಪ್ಪು ವೂಲಿ ಬಗರ್‌ನಂಥ ದೊಡ್ಡ ಮಾದರಿ ಬೇಕಾಗುತ್ತದೆ. ನಮ್ಮ ಕಾವೇರಿಯ ಕಥೆ ಬೇರೆ. ಅಲ್ಲಿನ ಉಬ್ಬುಬೆನ್ನಿನ ಮಹಶೀರ್ ಹಣ್ಣು, ಏಡಿ, ಸಣ್ಣ ಮೀನು ಎಲ್ಲವನ್ನೂ ತಿನ್ನುವುದರಿಂದ ಕ್ಲೌಸರ್‌ಗೂ ಏಡಿಯ ಮಾದರಿಗೂ ಬರಬಲ್ಲ ಮೀನು. ಆದರೆ 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಅತಿ ಗಂಭೀರ ವರ್ಗಕ್ಕೆ ಸೇರಿಸಿದೆ, ಮತ್ತು ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಒಂದು ಕಾಲಕ್ಕೆ ನಡೆಯುತ್ತಿದ್ದ ಹಿಡಿದು ಬಿಡುವ ಗಾಳ ವನ್ಯಜೀವಿ ಕಾನೂನಿನ ಕಾರಣ ನಿಂತುಹೋಗಿದೆ. ಗಾಳಕ್ಕೆ ಅನುಮತಿಯಿರುವ ಬೇರೆ ಯಾವ ನೀರಿನಲ್ಲಾದರೂ ಹಿಡಿದ ಮೀನನ್ನು ಬಿಡುವ ಉದ್ದೇಶವಿದ್ದರೆ, ಕಟ್ಟುವ ಮೊದಲೇ ಕೊಕ್ಕೆಯ ಮೊನೆಯ ಹಿಂದಿನ ಹಿಮ್ಮುಳ್ಳನ್ನು ಇಕ್ಕುಳದಿಂದ ಒತ್ತಿ ಮಟ್ಟ ಮಾಡಬೇಕು. ಕಟ್ಟಿದ ಮೇಲೆ ಒತ್ತಲು ಹೋದರೆ ಕೊಕ್ಕೆ ಮುರಿದು, ಕಟ್ಟಿದ ಶ್ರಮವೂ ಹಾಳಾಗುವುದುಂಟು.